ವಾಲ್ವ್‌ಮನ್ ದ್ಯಾಮಪ್ಪನ ಬಾಯಿ

ಮೂವತ್ತೊಂದು ವರ್ಷ ಬೆಟಗೇರಿಗೆ ನೀರು ಬಿಟ್ಟ ದ್ಯಾಮಪ್ಪನಿಗೆ ಈಗ ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ ಮಂಜೂರಾಗಿತ್ತು. ಡಾಕ್ಟರು ಗೊತ್ತುಮಾಡಿದ ಈ ಅಳತೆಯನ್ನು ಅವನು ಯಾರ ಮುಂದೆಯೂ ಅಳುತ್ತ ಹೇಳಲಿಲ್ಲ. ಕೇಳಿದವರು ಮುಖ ಸಣ್ಣದು ಮಾಡುವ ಮೊದಲೇ ತಾನು ನಕ್ಕುಬಿಡುತ್ತಿದ್ದ.

“ಹತ್ತ ದಿನಕ್ಕೊಮ್ಮೆ ನೀರ ಬಿಟ್ಟು ಇಡೀ ಊರ ಹೆಣ್ಣಮಕ್ಕಳ ಕಡೆ ಬೈಸ್ಕೊಂಡಾಂವ ನಾನು. ಅಷ್ಟೂ ಬೈಗಳಾ ಕೂಡಿ ಒಮ್ಮೆಲೆ ಕಿಡ್ನಿಗೆ ಬಡದಾವ ನೋಡ್ರಿ.”

ಬೈಗಳದ ಮಾತು ಬಿಟ್ಟರೆ ಕಾರಣ ಅವನಿಗೆ ಗೊತ್ತಿತ್ತು. ಸೊರಟೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ದಿನಗೂಲಿಯಾಗಿ ನಗರಸಭೆಯ ನೀರಿನ ಕೆಲಸಕ್ಕೆ ಸೇರಿ, ಖಾಯಂ ಆಗಿ, ನಿವೃತ್ತನಾಗುವವರೆಗೆ ಅವನು ತಿರುವಿದ್ದು ಒಂದೇ ವಸ್ತು: ಎದೆಯೆತ್ತರದ ಕಬ್ಬಿಣದ ಚಾವಿ. ರಸ್ತೆಯ ನಡುವಿನ ಗುಂಡಿಗೆ ಅದನ್ನು ಇಳಿಸಿ, ಎರಡೂ ಕೈಯಿಂದ ವಾಲ್ವು ತಿರುವಿ, ಆಮೇಲೆ ಚಾವಿಯ ಹಿಡಿಕೆಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ದೂರದ ಹಮ್ಮಿಗಿಯಿಂದ ಬಂದ ಹೊಳೆಯ ನೀರು ಕೆಳಗಿನ ಕೊಳವೆಯಲ್ಲಿ ‘ಜುಂಯ್’ ಎನ್ನುವುದು ಕಬ್ಬಿಣದ ಮೂಲಕ ಕಿವಿಗೆ ಏರಬೇಕು. ಏರಿದ ಮೇಲೆಯೇ ಮುಂದಿನ ಓಣಿ. ಈ ತಿರುವುವ ಕೆಲಸದಿಂದ ಬೆನ್ನು ಹಿಡಿಯಿತು. ಬೆನ್ನಿಗೆ ಔಷಧದ ಅಂಗಡಿಯವನು ಕೊಟ್ಟ ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ಚಹಾದ ಜೊತೆ ನುಂಗಿದ. ಬಿಪಿ ಇದೆಯೆಂದು ಯಾರೋ ಹೇಳಿದಾಗ, “ಪ್ರೆಶರ್ ಇದ್ರಽ ನೀರು ಮ್ಯಾಲಿನ ಮನಿಗೆ ಏರತೈತಿ” ಎಂದು ನಗೆಚಾಟಿಕೆ ಮಾಡಿದ. ಆ ಚಾಟಿಕೆಯನ್ನು ನೆನೆದಾಗಲೆಲ್ಲ ಈಗ ಅವನಿಗೆ ತನ್ನ ಕಪಾಳಕ್ಕೆ ತಾನೇ ಒಂದು ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಹೆಂಡತಿ ಗದಿಗೆವ್ವನೊಡನೆ ಗದಗಿನ ಡಯಾಲಿಸಿಸ್ ವಾರ್ಡಿಗೆ ಹೋಗಬೇಕಿತ್ತು. ಆರು ಹಾಸಿಗೆಯ ವಾರ್ಡು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದವರೆಲ್ಲ ಮುಂಜಾನೆಯ ಬಸ್ಸಿಗೆ ಬಂದು ತಮ್ಮ ತಮ್ಮ ಹಾಸಿಗೆ ಹಿಡಿಯುತ್ತಿದ್ದರು. ನಾಲ್ಕು ತಾಸು ಯಂತ್ರ ಮೈಯ ರಕ್ತವನ್ನೆಲ್ಲ ಹೊರಗೆಳೆದು, ಸೋಸಿ, ಮರಳಿ ಕೊಡುತ್ತಿತ್ತು. ದ್ಯಾಮಪ್ಪನಿಗೆ ಸದ್ಯಕ್ಕೆ ರಕ್ತದ ದಾರಿ ಕುತ್ತಿಗೆಯ ಬುಡದಲ್ಲಿ ತೂರಿಸಿದ ಒಂದು ಮೆದು ನಳಿಗೆ. ಅದರ ತುದಿ ಗುಂಡಿಗೆಯ ಹತ್ತಿರದವರೆಗೂ ಹೋಗಿತ್ತು. ಎಡಗೈಯ ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಕೂಡಿಸಿ ಇನ್ನೊಂದು ದಾರಿ ಮಾಡಿದ್ದರಾದರೂ ಅದು ಬಲಿಯಲು ಇನ್ನೂ ಆರು ವಾರ ಬೇಕಾಗಿತ್ತು. ಅಲ್ಲಿಯವರೆಗೆ ಕುತ್ತಿಗೆಯ ನಳಿಗೆಯೇ ಗತಿ. ದಿನಕ್ಕೆ ನಾಲ್ಕು ಸಲ ಅವನು ಮಣಿಕಟ್ಟನ್ನು ಕಿವಿಗೆ ಹಿಡಿದುಕೊಳ್ಳುತ್ತಿದ್ದ. ಚರ್ಮದ ಕೆಳಗೆ ಅದೇ ಜುಂಯ್.

“ನೀರು ಬಂತು ನೋಡ,” ಎನ್ನುತ್ತಿದ್ದ ಹೆಂಡತಿಗೆ. “ರಿಟೈರ್ ಆದರೂ ನೌಕರಿ ಬಿಡಲಿಲ್ಲ.”

ಮುಕ್ಕಾಲು ಲೀಟರಿನ ಕಟ್ಟಳೆಯನ್ನು ದ್ಯಾಮಪ್ಪ ಪಾಲಿಸಿದ ರೀತಿ ವಾರ್ಡಿನಲ್ಲಿ ಹೆಸರುವಾಸಿಯಾಯಿತು. ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಮಾರ್ಕರಿನಿಂದ ಆರು ಗೆರೆ ಎಳೆದ. ಒಂದೊಂದು ಗೆರೆಗೂ ವಾಚು ನೋಡಿ ಬಾಯಿ ಇಟ್ಟ. ಸಾರು, ಮಜ್ಜಿಗೆ, ಚಹಾ ಎಲ್ಲವೂ ಆ ಗೆರೆಗಳೊಳಗೇ ಸೇರಬೇಕು. ಯಂತ್ರಕ್ಕೆ ಹಚ್ಚುವ ಮೊದಲು ತೂಕದ ಕಾಟಾದ ಮೇಲೆ ನಿಲ್ಲಿಸಿದರೆ ಉಳಿದವರಿಗೆ ಮೂರು ಕಿಲೋ, ನಾಲ್ಕು ಕಿಲೋ ನೀರು ಏರಿರುತ್ತಿತ್ತು, ಇವನಿಗೆ ಒಂದೂವರೆ.

“ನೋಡ್ರಿ, ಎಲ್ಲಾರೂ ದ್ಯಾಮಣ್ಣ ಕಾಕಾನ್ನ ನೋಡಿ ಕಲೀರಿ,” ಎಂದು ನರ್ಸ್ ವಿದ್ಯಾಶ್ರೀ ಒಮ್ಮೆ ಇಡೀ ವಾರ್ಡಿಗೆ ಕೇಳುವಂತೆ ಅಂದುಬಿಟ್ಟಳು.

ಮೂವತ್ತೊಂದು ವರ್ಷದ ನೌಕರಿಯಲ್ಲಿ ಸಿಗದ ಶಾಭಾಸ್‌ಗಿರಿ ಮಲಗಿದಲ್ಲೇ ಸಿಕ್ಕರೆ ಮನುಷ್ಯನ ತಲೆ ನಿಂತಲ್ಲಿ ನಿಲ್ಲುವುದೆ? ದ್ಯಾಮಪ್ಪ ಅಂದಿನಿಂದ ಉಪದೇಶಕ್ಕೆ ಇಳಿದ. ಮೊದಲ ಶಿಷ್ಯೆ ಪಕ್ಕದ ಹಾಸಿಗೆಯ ಅಲ್ಮಾಸಬಿ, ಲಕ್ಷ್ಮೇಶ್ವರದಲ್ಲಿ ಬಳೆ ಅಂಗಡಿ ಇಟ್ಟಿದ್ದ ಐವತ್ತರ ಹೆಂಗಸು. ಕುತ್ತಿಗೆಯಲ್ಲಿ ಅವನಂಥದೇ ನಳಿಗೆ. ಪ್ರತಿ ಸಲವೂ ನಾಲ್ಕು ಕಿಲೋ ಏರಿಸಿಕೊಂಡು ಬಂದು ಬೈಸಿಕೊಳ್ಳುತ್ತಿದ್ದಳು.

“ದ್ಯಾಮಣ್ಣ, ನನಗೂ ಹೇಳಪ್ಪಾ ನಿನ್ನ ಹಿಕಮತ್ತು. ನೀರಡಿಕಿ ತಡಕೊಳ್ಳಾಕ ಆಗೂದಿಲ್ಲ.”

ದ್ಯಾಮಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. ಹಿಕಮತ್ತು ಇಷ್ಟೇ ಆಗಿತ್ತು: ಅವನು ಬಾಯಿ ಮುಕ್ಕಳಿಸುವುದನ್ನೇ ಬಿಟ್ಟಿದ್ದ.

ಹಾಗೆ ಬಿಡಲು ಅವನಲ್ಲಿ ಗಟ್ಟಿಯಾದ ತರ್ಕವಿತ್ತು. ಸೋರದ ಕೊಳವೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಟಾಕಿಯಿಂದ ಹೊರಟ ನೀರೆಲ್ಲ ನಳಕ್ಕೆ ಬಂತೆಂದು ಕಚೇರಿಯ ಕಾಗದ ಹೇಳಬಹುದು. ದಾರಿಯಲ್ಲಿ ಎಷ್ಟು ಮಣ್ಣಿಗೆ ಹೋಯಿತೆಂಬುದು ವಾಲ್ವ್‌ಮನ್‌ಗೆ ಗೊತ್ತು. ಅಂದಮೇಲೆ ಬಾಯಿಗೆ ಹಾಕಿದ ನೀರು ಪೂರ್ತಿ ಹೊರಗೆ ಬರುತ್ತದೆಂದು ನಂಬುವುದು ಹೇಗೆ? ಸ್ವಲ್ಪವಾದರೂ ಗಂಟಲಿಗೆ ಸೋರಲೇಬೇಕು. ಮುಂಜಾನೆ ಒಂದು ಸಲ, ಉಂಡ ಮೇಲೆ ಎರಡು ಸಲ, ಹೀಗೆ ದಿನಕ್ಕೆ ಒಂದು ಗೆರೆಯ ನೀರು ಕಳ್ಳದಾರಿಯಲ್ಲಿ ಒಳಗೆ ಹೋದೀತು. ಆದ್ದರಿಂದ ಅವನು ಮುಕ್ಕಳಿಸುವ ವಾಲ್ವನ್ನೇ ಬಂದ್ ಮಾಡಿದ. ಹಲ್ಲುಜ್ಜಿದರೆ ಮುಕ್ಕಳಿಸಬೇಕಾಗುತ್ತದೆ, ಅದಕ್ಕೆ ಬ್ರಶ್ಶನ್ನೂ ಬಿಟ್ಟ. ಮುಂಜಾನೆ ಧೋತರದ ಚುಂಗಿನಿಂದ ಹಲ್ಲು ಒರೆಸಿಕೊಳ್ಳುತ್ತಿದ್ದ. ವಸಡಿನಲ್ಲಿ ರಕ್ತ ಕಾಣಿಸಿಕೊಂಡ ಮೇಲೆ ಅದನ್ನೂ ಬಿಟ್ಟ. ಬಾಯಿ ಒಣಗಿದಾಗ ಪೆಪ್ಪರಮೆಂಟು. ದಿನಕ್ಕೆ ಹತ್ತು ಹನ್ನೆರಡು, ಒಂದು ಕರಗುತ್ತಿದ್ದಂತೆ ಇನ್ನೊಂದು.

ಬಾಯಿಯ ವಾಸನೆ ಗದಿಗೆವ್ವನ ಮೂಗಿಗೆ ತಟ್ಟದೆ ಇರಲಿಲ್ಲ. ಊಟಕ್ಕೆ ಬಡಿಸುವಾಗ ಸೆರಗು ಮೂಗಿಗೆ ಹೋಗುವುದನ್ನು ಅವನು ನೋಡಿದ್ದ.

“ಕಿಡ್ನಿ ಹ್ವಾದವರ ಬಾಯಿ ಹಿಂಗಽ ನಾರತೈತಿ. ಡಾಕ್ಟರಽ ಹೇಳ್ಯಾರ,” ಅಂದ.

ಡಾಕ್ಟರು ಹಾಗೆ ಹೇಳಿದ್ದು ಖರೆಯೇ. ಅರ್ಧ ಖರೆಯ ಮಾತು ಸುಳ್ಳಿಗಿಂತ ಗಟ್ಟಿಯಾಗಿ ಬಾಳಿಕೆ ಬರುತ್ತದೆ, ಗದಿಗೆವ್ವ ಅದನ್ನೇ ನಂಬಿದಳು. ಹಿಂದಿನ ದವಡೆಯೊಂದು ಸೆಳೆಯತೊಡಗಿದಾಗ ದ್ಯಾಮಪ್ಪ ಲವಂಗ ಕಚ್ಚಿಕೊಂಡು ಇನ್ನೊಂದು ಬದಿಯಿಂದ ರೊಟ್ಟಿ ಅಗಿದ. ಹಲ್ಲಿಗೂ ಕಿಡ್ನಿಗೂ ಏನು ಸಂಬಂಧ? ಅದು ಬೇರೆ ಓಣಿ, ಇದು ಬೇರೆ ಓಣಿ.

ಜನವರಿಯ ಒಂದು ಗುರುವಾರ ಯಂತ್ರ ಶುರುವಾಗಿ ಮುಕ್ಕಾಲು ತಾಸು ಕಳೆದಿರಬಹುದು. ದ್ಯಾಮಪ್ಪ ಅಲ್ಮಾಸಬಿಗೆ ಬಾಟಲಿಯ ಗೆರೆಗಳ ಶಾಸ್ತ್ರ ಹೇಳುತ್ತಿದ್ದ. ಹೇಳುತ್ತಿದ್ದಂತೆ ಮಾತು ತುಂಡಾಗತೊಡಗಿತು. ಹಲ್ಲು ಕಟಕಟ ಬಡಿದವು. ಮಂಚ ನಡುಗಿತು. ಎರಡು ಕಂಬಳಿ ಹೊದಿಸಿದರೂ ಒಳಗಿನ ಚಳಿ ಬಿಡಲಿಲ್ಲ.

“ಸಿಸ್ಟರ್... ನನ್ನ ಕೂಡ... ಮಂಚಕ್ಕೂ... ಥಂಡಿ ಹತ್ತೈತಿ...” ಎಂದು ಅಂಥದರಲ್ಲೂ ಒಂದು ನಗೆಚಾಟಿಕೆ ಹಾರಿಸಿದ. ಈ ಸಲ ಯಾರೂ ನಗಲಿಲ್ಲ. ವಿದ್ಯಾಶ್ರೀ ಓಡಿಬಂದು ಜ್ವರ ನೋಡಿದಳು, ನೂರಾಮೂರು. ಪರೀಕ್ಷೆಗೆಂದು ರಕ್ತ ತೆಗೆದಳು. ಡಾಕ್ಟರು ಬಂದು ಕುತ್ತಿಗೆಯ ಪಟ್ಟಿ ಬಿಚ್ಚಿ ನೋಡಿ, ಗದಿಗೆವ್ವನನ್ನು ಒಳಗೆ ಕರೆಸಿದರು.

“ನಳಿಗ್ಯಾಗ ನಂಜಾಗೈತಿ. ಮನಿಯಾಗ ಇದರ ಕಾಳಜಿ ಯಾರು ಮಾಡ್ತೀರಿ?”

“ನಾನಽ ರೀ.”

“ಕೈ ತೊಳಕೊಂಡು ಮುಟ್ಟತೀರೇನು? ಜಳಕದಾಗ ಪಟ್ಟಿ ತೊಯ್ಯಾಕ ಬಿಟ್ಟೀರೇನು?”

ಗದಿಗೆವ್ವ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು. ಡಾಕ್ಟರು ಕೆಟ್ಟವರಲ್ಲ, ಅವಸರದವರು. ಹೇಳಬೇಕಾದ್ದನ್ನು ಹೇಳಿದರು. ಇಂಜೆಕ್ಷನ್ ನಡೆಸೋಣ. ಜ್ವರ ಮತ್ತೆ ಬಂದರೆ ಈ ನಳಿಗೆಯನ್ನು ತೆಗೆಯಲೇಬೇಕು. ಕೈಯ ದಾರಿ ಇನ್ನೂ ಬಲಿತಿಲ್ಲ, ತೊಡೆಯ ಸಂದಿನಲ್ಲಿ ಹೊಸದು ಹಾಕಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ರಕ್ತದಲ್ಲಿ ಸೇರಿದ ನಂಜು ಗುಂಡಿಗೆಗೆ ಹೋಗಿ ಕುಳಿತರೆ ಆಮೇಲೆ ತಮ್ಮ ಕೈಯಲ್ಲೂ ಇರುವುದಿಲ್ಲ.

ಅವನನ್ನು ನಾಲ್ಕು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಗದಿಗೆವ್ವ ಹಾಸಿಗೆಯ ಹತ್ತಿರ ಬರುವ ಮೊದಲು ಪ್ರತಿ ಸಲವೂ ನಳದಡಿ ನಿಂತು ಸಾಬೂನು ಹಚ್ಚಿ ಕೈ ತಿಕ್ಕುತ್ತಿದ್ದಳು. ಬೆರಳ ಸಂದು, ಉಗುರಿನ ಬುಡ, ಮೊಣಕೈವರೆಗೆ. ಮೂರನೆಯ ದಿನಕ್ಕೆ ಅವಳ ಅಂಗೈ ಸುಲಿದು ಕೆಂಪಾಗಿತ್ತು. ಆದರೂ ಅವನ ಕುತ್ತಿಗೆಯ ಕಡೆ ಕೈ ಒಯ್ಯಲಿಲ್ಲ. ಹೊದಿಕೆಯನ್ನು ತುದಿ ಹಿಡಿದು ಎಳೆದಳು.

“ನಲವತ್ತು ವರ್ಷ ಈ ಕೈಯಿಂದಽ ಉಂಡೀರಿ,” ಅಂದಳು ಒಮ್ಮೆ, ಕಿಟಕಿಯ ಕಡೆ ನೋಡುತ್ತ. “ಖರೆ ಹೇಳ್ರಿ, ನನ್ನ ಕೈಯಾಗ ಹೊಲಸ ಐತೇನು?”

ದ್ಯಾಮಪ್ಪ ಬಾಯಲ್ಲಿದ್ದ ಪೆಪ್ಪರಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

ಸೋಮವಾರ ರಕ್ತದ ವರದಿ ಬಂತು. ಯಂತ್ರಕ್ಕೆ ಹಚ್ಚುವ ಮೊದಲು ವಿದ್ಯಾಶ್ರೀ ಅದನ್ನು ಹಿಡಿದುಕೊಂಡು ಮಂಚದ ಹತ್ತಿರ ನಿಂತಳು. ಗದಿಗೆವ್ವ ಕಾಲ ಕಡೆ ಕುಳಿತಿದ್ದಳು. ಪಕ್ಕದ ಹಾಸಿಗೆಯಲ್ಲಿ ಅಲ್ಮಾಸಬಿ.

“ಕಾಕಾ, ಸಾಮಾನ್ಯವಾಗಿ ನಳಿಗಿಗೆ ನಂಜಾದರ ಅದು ಚರ್ಮದ ಮ್ಯಾಲಿನ ಹುಳದಿಂದ ಆಗಿರತೈತಿ. ನಿಮ್ಮ ರಕ್ತದಾಗ ಸಿಕ್ಕಿದ್ದು ಬ್ಯಾರೆ ಜಾತಿದು. ಬಾಯಾಗ ಇರೂವಂಥದ್ದು. ಬಾಯಿ ತಗೀರಿ.”

“ಬಾಯಿ ಏನು ನೋಡ್ತಿ ಬಿಡವಾ. ಸರಕಾರಿ ನೌಕರಿ ಮಾಡಿದ ಬಾಯಿ, ಒಳಗ ಏನೂ ಉಳದಿಲ್ಲ.”

“ತಗೀರಿ ಅಂದೆ.”

“ಮಾಸ್ಕ್ ಹಾಕ್ಕೊಂಡೀನಲ್ಲಽ...” ಅಂದ ದ್ಯಾಮಪ್ಪ.

“ಕಾಕಾ.” ವಿದ್ಯಾಶ್ರೀ ತಾನೇ ಅವನ ಮಾಸ್ಕ್ ಕೆಳಗೆಳೆದಳು.

ಊರಿನ ನೂರಾ ಹನ್ನೆರಡು ವಾಲ್ವುಗಳನ್ನು ತೆರೆದವನಿಗೆ ತನ್ನ ಎರಡು ದವಡೆ ತೆರೆಯುವುದು ಇಷ್ಟು ಭಾರವಾದೀತೆಂದು ಗೊತ್ತಿರಲಿಲ್ಲ. ವಿದ್ಯಾಶ್ರೀ ಮೊಬೈಲಿನ ಟಾರ್ಚು ಹಚ್ಚಿ ಬಗ್ಗಿದಳು. ಬಗ್ಗಿದವಳು ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಬಗ್ಗಿದಳು. ಉಬ್ಬಿದ ವಸಡು, ಹಲ್ಲಿನ ಬುಡದಲ್ಲಿ ಗಟ್ಟಿಗಟ್ಟಿದ ಹಳದಿ ಪಾಚಿ, ಹಿಂದಿನ ದವಡೆಯ ಪಕ್ಕದಲ್ಲಿ ಕೀವು ತುಂಬಿದ ಗುಳ್ಳೆ.

“ಬಾಯಿ ಮುಕ್ಕಳಿಸಿದ್ದು ಯಾವಾಗ?”

“ಮುಂಜಾನೆ...”

“ಖರೆ ಹೇಳ್ರಿ.”

ದ್ಯಾಮಪ್ಪ ಫ್ಯಾನಿನ ಕಡೆ ನೋಡಿದ. “ದಸರೆಗೆ ಇರಬೇಕು.”

ವಾರ್ಡಿನಲ್ಲಿ ನಗೆ ಎದ್ದಿತು. ಮುಂಡರಗಿಯ ಮುದುಕನೊಬ್ಬ ನಕ್ಕು ನಕ್ಕು ಕೆಮ್ಮಿದ. ದ್ಯಾಮಪ್ಪನೂ ನಗಲು ತುಟಿ ಬಿಚ್ಚಿದವನು, ಹೆಂಡತಿಯ ಮುಖ ಕಂಡು ಮುಚ್ಚಿದ. ಅವಳು ಸುಲಿದ ಎರಡೂ ಅಂಗೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕುಳಿತಿದ್ದಳು.

“ನಾಕು ದಿನ ನಾನು ಕೈ ತೊಳದೆ,” ಅಂದಳು. “ನೀವು ನೋಡಕೋಂತ ಮಲಗಿದ್ರಿ.”

ಅವನು ಬೇಡವೆಂದರೂ ಸೋರಿಕೆಯ ಶಾಸ್ತ್ರವೆಲ್ಲ ಹೊರಬಿತ್ತು. ಗೆರೆಗಳು, ಕೊಳವೆ, ಗಂಟಲು, ಪೆಪ್ಪರಮೆಂಟು. ಹೇಳುತ್ತ ಹೋದಂತೆ ಅದು ತನ್ನ ಕಿವಿಗೇ ಎಷ್ಟು ಪೊಳ್ಳಾಗಿ ಕೇಳುತ್ತಿದೆಯೆಂದು ಅವನಿಗೆ ಆಶ್ಚರ್ಯವಾಯಿತು. ಮೂರು ತಿಂಗಳು ಇದೇ ಮಾತು ತಲೆಯೊಳಗೆ ಎಂಜಿನಿಯರನ ಮಾತಿನಂತೆ ಕೇಳಿತ್ತು. ವಿದ್ಯಾಶ್ರೀ ತಿಳಿಸಿ ಹೇಳಿದಳು: ಹುಳ ಎಲ್ಲರ ಬಾಯಲ್ಲೂ ಇರುತ್ತದೆ. ವಸಡು ಹಣ್ಣಾಗಿ ರಕ್ತ ಬರುವಷ್ಟಾದರೆ ಅದೇ ಬಾಗಿಲಿನಿಂದ ರಕ್ತಕ್ಕೆ ಇಳಿಯುತ್ತದೆ. ಗಟ್ಟಿ ಮೈಯವನಲ್ಲಿ ಅಲ್ಲೇ ಸಾಯುತ್ತದೆ. ಡಯಾಲಿಸಿಸ್‌ನವರ ಮೈಗೆ ಆ ತ್ರಾಣವಿಲ್ಲ, ಮೇಲಾಗಿ ಕೂಡಲು ನಳಿಗೆಯ ಜಾಗ ತಯಾರಿದೆ. ಈ ಜ್ವರ ಅಲ್ಲಿಂದಲೇ ಬಂತೆಂದು ಬರೆದುಕೊಡಲು ಆಗುವುದಿಲ್ಲ. “ಆದರ ಡಾಕ್ಟರಿಗೆ ಸಂಶಯ ಇರೂದು ಅದರ ಮ್ಯಾಲೆ. ಕಾಕುನ ಕೈ ಮ್ಯಾಲೆ ಅಲ್ಲ.”

ಅಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಸಣ್ಣ ದನಿ ಬಂತು. ಅಲ್ಮಾಸಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಸಿಸ್ಟರ್... ನಾನೂ ಮುಕ್ಕಳಿಸಿ ಎರಡು ವಾರಾತು. ಈ ದ್ಯಾಮಣ್ಣನ ಮಾತು ಕೇಳಿ.”

ವಿದ್ಯಾಶ್ರೀ ಹಣೆ ಹಿಡಿದುಕೊಂಡಳು. “ಇನ್ನ ಯಾರ್‍ಯಾರಿಗೆ ಹೇಳೀರಿ, ಕಾಕಾ?”

“ಇಷ್ಟಽ ನೋಡವಾ. ಮಠ ಈಗಽ ಶುರುಮಾಡಿದ್ದೆ.”

ಹಲ್ಲಿನ ಡಾಕ್ಟರ್ ಕಾವೇರಿ ಮರುದಿನ ಬರಹೇಳಿದರು. ಡಯಾಲಿಸಿಸ್ ಆದ ದಿನವೇ ಹಲ್ಲು ಕೀಳುವಂತಿಲ್ಲ, ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿದ ಔಷಧ ಇಳಿಯಬೇಕು. ಕುರ್ಚಿಯ ಮೇಲೆ ಒರಗಿಸಿಕೊಂಡು ಡಾಕ್ಟರು, “ಬ್ಯಾರೆ ಏನಾರ ಜಡ್ಡು?” ಎಂದು ಕೇಳಿದಾಗ ದ್ಯಾಮಪ್ಪ, “ಸ್ವಲ್ಪ ಬೆನ್ನು...” ಎಂದು ಶುರುಮಾಡಿದ. ಎಲ್ಲ ಹೇಳಿದರೆ ಹೆದರಿ ವಾಪಸು ಕಳಿಸಿಯಾರು ಎಂಬುದು ಅವನ ಲೆಕ್ಕ. ಗದಿಗೆವ್ವ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಕಿಡ್ನಿ, ನಳಿಗೆ, ಜ್ವರ, ಇಂಜೆಕ್ಷನ್ನು, ದಸರೆ.

ದ್ಯಾಮಪ್ಪ ಕೊನೆಯದಾಗಿ ಒಂದು ಆಕ್ಷೇಪ ಎತ್ತಿದ. “ಬಾಯಿ ತೊಳಕೋತೀನ್ರಿ. ಆದರ ನೀರು ಸೋರತೈತೋ ಇಲ್ಲೋ, ಅದನ್ನ ಹೇಳ್ರಿ.”

ಕಾವೇರಿ ನಗಲಿಲ್ಲ. ಗೆರೆ ಇದ್ದ ಪುಟ್ಟ ಲೋಟದಲ್ಲಿ ಮೂವತ್ತು ಎಂಎಲ್ ಔಷಧದ ನೀರು ಅಳೆದು ಕೊಟ್ಟರು. “ಹಲ್ಲು ಕೀಳೂಕಿಂತ ಮೊದಲು ಹೆಂಗೂ ಮುಕ್ಕಳಿಸಬೇಕು. ಒಂದು ನಿಮಿಷ ಆಡಿಸಿ, ಇದಽ ಲೋಟದಾಗ ಉಗಳ್ರಿ. ನೀವಽ ಅಳೀರಿ.”

ಮೂರು ತಿಂಗಳ ನಂತರ ಅವನ ಬಾಯಿಗೆ ಮುಕ್ಕಳಿಸುವ ನೀರು ಬಂತು. ವಸಡು ಉರಿದು ಕಣ್ಣಲ್ಲೂ ಬಂತು. ನಿಮಿಷ ತುಂಬಿದ ಮೇಲೆ ಹನಿ ಹಾರದಂತೆ ಲೋಟಕ್ಕೆ ಉಗುಳಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ನೀರು ಮೂವತ್ತರ ಗೆರೆಗಿಂತ ಒಂದು ಕೂದಲು ಮೇಲೆ ನಿಂತಿತ್ತು.

“ಉಗುಳು ಕೂಡಿರತೈತಿ,” ಅಂದರು ಕಾವೇರಿ.

ದ್ಯಾಮಪ್ಪ ಲೋಟವನ್ನು ಕೆಳಗಿಳಿಸಲಿಲ್ಲ. “ಮೂವತ್ತೊಂದು ವರ್ಷದಾಗ, ಬಿಟ್ಟದ್ದಕ್ಕಿಂತ ಹೆಚ್ಚು ಬಂದದ್ದು ಇದಽ ಮೊದಲು,” ಅಂದ. ಆಮೇಲೆ ಸುಮ್ಮನೆ ಬಾಯಿ ತೆರೆದ. ಎರಡು ಹಲ್ಲು ಹೋದವು.

ಗುರುವಾರ ಮತ್ತೆ ಯಂತ್ರ. ಚಳಿ ಬಂದರೆ ಮೊದಲ ತಾಸಿನಲ್ಲೇ ಬರುತ್ತದೆಂದು ವಿದ್ಯಾಶ್ರೀ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೋಡೆಯ ಗಡಿಯಾರವನ್ನು ಅವಳೂ ನೋಡುತ್ತಿದ್ದಳು. ಬಾಗಿಲ ಗಾಜಿನಾಚೆ ಗದಿಗೆವ್ವನ ಮುಖ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೂವತ್ತೈದನೆಯ ನಿಮಿಷಕ್ಕೆ ದ್ಯಾಮಪ್ಪನ ಬಲಗೈಯ ಕೂದಲು ಒಂದೊಂದಾಗಿ ಎದ್ದು ನಿಂತವು. ಅವನು ನೋಡುತ್ತ ಮಲಗಿದ. ನಳಿಗೆ ತೆಗೆಯುತ್ತಾರೆ, ತೊಡೆ, ಗುಂಡಿಗೆ. ಗಾಜಿನಾಚೆಯ ಮುಖದಿಂದ ಕಣ್ಣು ತಪ್ಪಿಸಿದ.

“ಸಿಸ್ಟರ್,” ಅಂದ. “ಥಂಡಿ.”

ಅವಳು ಓಡಿಬಂದು ಹಣೆ ಮುಟ್ಟಿದಳು, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು, ಕಾದಳು. ತೊಂಬತ್ತೆಂಟು. ಮತ್ತೊಮ್ಮೆ ಇಟ್ಟಳು. ಅಷ್ಟೇ. ಆಮೇಲೆ ತಲೆ ಎತ್ತಿ ಮೇಲೆ ನೋಡಿದಳು. ಏಸಿಯ ರೆಕ್ಕೆ ನೇರ ಅವನ ತೋಳಿನ ಮೇಲೆ ತಿರುಗಿತ್ತು.

“ಕಾಕಾ, ಏಸಿ ನಿಮ್ಮ ಕಡೆ ಐತ್ರಿ!”

ಅಲ್ಮಾಸಬಿ ಪಕ್ಕದ ಹಾಸಿಗೆಯಿಂದ ಕತ್ತು ಹೊರಳಿಸಿದಳು. “ದ್ಯಾಮಣ್ಣ, ನಿನ್ನ ಮೈಯಾಗಿನ ಥಂಡಿ ಯಾವುದು, ಹೊರಗಿನ ಥಂಡಿ ಯಾವುದು ನಿನಗಽ ಗೊತ್ತಿಲ್ಲ. ಇಂಥಾಂವ ಬಿಟ್ಟ ನೀರು ಕುಡದು ಬೆಟಗೇರಿ ಮಂದಿ ಹೆಂಗ ಉಳದರೋ ಯವ್ವಾ!”

“ಉಳದಿಲ್ಲ ತಂಗಿ, ಒಬ್ಬಾಂವ ಇಲ್ಲೇ ಮಲಗ್ಯಾನ ನೋಡ,” ಅಂದ ದ್ಯಾಮಪ್ಪ. ನಗುವಾಗ ಹಲ್ಲು ಕಿತ್ತ ಜಾಗ ನೊಂದಿತು, ಆದರೂ ನಕ್ಕ. ನಕ್ಕು ಮುಗಿದ ಮೇಲೆ ದನಿ ತಗ್ಗಿಸದೆ, ಇಡೀ ವಾರ್ಡಿಗೆ ಕೇಳುವಂತೆ, ಲೋಟದ ಕಥೆ ಹೇಳಿದ. ಮೂವತ್ತು ಹೋಗಿದ್ದು, ಮೂವತ್ತಕ್ಕಿಂತ ಹೆಚ್ಚು ಬಂದದ್ದು. ತಾನು ಕಲಿಸಿದ್ದೆಲ್ಲ ಹುಚ್ಚರ ವಿದ್ಯೆ ಎಂದ. ಅಲ್ಮಾಸಬಿ ತನ್ನ ಚೀಲದಿಂದ ಹೊಸ ಬ್ರಶ್ಶು ತೆಗೆದು ಅವನ ಕಣ್ಣ ಮುಂದೆ ಆಡಿಸಿದಳು. ಅವಳಿಗೆ ಜ್ವರ ಬರಲಿಲ್ಲ, ಎರಡೇ ವಾರದ ಶಿಷ್ಯತ್ವವಾದ್ದರಿಂದ ವಸಡು ಅಷ್ಟಕ್ಕೇ ಉಳಿದುಕೊಂಡಿತು.

ಮಾರ್ಚಿನಲ್ಲಿ ಎಡಗೈಯ ದಾರಿ ಬಲಿತಿದೆಯೆಂದು ಡಾಕ್ಟರು ಒಪ್ಪಿದರು. ಕುತ್ತಿಗೆಯ ನಳಿಗೆಯನ್ನು ನಂಜಿಗಾಗಿ ಅಲ್ಲ, ಕೆಲಸ ಮುಗಿಯಿತೆಂದು ತೆಗೆದರು.

ಗದಿಗೆವ್ವ ಮಾತ್ರ ಇನ್ನೂ ನಂಬಿಕೆಗೆ ಬಂದಿಲ್ಲ. ದಿನಾ ಮುಂಜಾನೆ, ಉಂಡ ಮೇಲೆ ಮಧ್ಯಾಹ್ನ, ಸಂಜೆ, ಹಿತ್ತಲ ಕಲ್ಲಿನ ಮೇಲೆ ಗಂಡನನ್ನು ಕುಳ್ಳಿರಿಸಿ, ಗೆರೆ ಇರುವ ಪುಟ್ಟ ಲೋಟದಲ್ಲಿ ತಾನೇ ನೀರು ಅಳೆದು ಕೊಡುತ್ತಾಳೆ. ಎದುರಿಗೆ ನಿಂತು ನೋಡುತ್ತಾಳೆ. ಅವನು ಉಗುಳಿದ್ದನ್ನು ಬೆಳಕಿಗೆ ಹಿಡಿಯುತ್ತಾಳೆ.

“ಇನ್ನೂ ಸ್ವಲ್ಪ ಬರಬೇಕು. ಉಗಳ್ರಿ.”

ದ್ಯಾಮಪ್ಪ ಉಗುಳುತ್ತಾನೆ.

“ಈಗ ಬಾಯಿ ತಗೀರಿ.”

ತೆರೆಯುತ್ತಾನೆ. ಅವಳು ಬಗ್ಗಿ, ಅವನ ಗದ್ದವನ್ನು ಬೆರಳಿನಿಂದ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವುತ್ತಾಳೆ. ಆಚೆ ಓಣಿಯಲ್ಲಿ ಹೊಸ ವಾಲ್ವ್‌ಮನ್‌ನ ಹೆಸರೆತ್ತಿ ಯಾರೋ ಬೈಯುವುದು ಕೇಳಿಸುತ್ತದೆ. ದ್ಯಾಮಪ್ಪ ಅದಕ್ಕೊಂದು ಮಾತು ಹೇಳಬೇಕೆಂದು ಹವಣಿಸುತ್ತಾನೆ. ಆದರೆ ತಪಾಸಣೆ ಮುಗಿಯುವವರೆಗೆ ಬಾಯಿ ಮುಚ್ಚಲು ಅವನಿಗೆ ಪರವಾನಗಿ ಇಲ್ಲ.